ಗಡ್ಡಿ ದೊರಿ

ಶಹಾಪುರದ ಹಳೇ ಬಸ್‌ಸ್ಟ್ಯಾಂಡಿನ ಹಿಂದ
ತಗಡಿನ ಶೆಡ್ಡಿನಾಗ ಎರಡು ರೂಪಾಯಿಗೆ ಚೀನಾ ದೇಶ.
ಟಿ.ವಿ. ಮಗ್ಗಲಕ್ಕ ನಾನು, ಲಾಡ್ಲೇಸಾಬ,
ಕೈಯಾಗ ಬೆತ್ತ, ಬಾಯಾಗ ಎಲಿ,
ಬರದ ಭಾಷಾಕ್ಕ ಬಂದಂಗ ಅರ್ಥ ಹೇಳಾವ.

ಕತ್ತಿ ಮ್ಯಾಲ ನಿಂತು ಹಾರೋರಿಗೆ ದನಿ ಏರಿಸ್ತಿದ್ದೆ,
ಬಿಳಿ ಗಡ್ಡದ ಗುರುವಿಗೆ ನಮ್ಮ ಹೆಡ್‌ಮಾಸ್ತರರ ಕೆಮ್ಮು,
ವಿಷದ ಬೀಸಣಿಕಿ ಹೆಂಗಸಿಗೆ
ತಹಸೀಲ ಆಫೀಸಿನ ಟೈಪಿಸ್ಟಿನ ಬಿರುಸು.
ಗಡ್ಡಿ ದೊರಿಗೆ ಮಾತ್ರ ಏನೂ ಇಟ್ಟಿದ್ದಿಲ್ಲ.
ಇಟ್ಟರ ಎಲ್ಲಿ ಇಡೋದು?
ನಾಕು ನಿಮಿಷದ ಮನಷ್ಯಾ.

ಮಂಜಿನಾಗ ಒಂದು ದೋಣಿ. ಅದರಾಗ ಅವ.
ತಲಿಗಿಂತ ದೊಡ್ಡ ಕಿರೀಟ, ಹಿಡಕೊಂಡೇ ಇಳೀತಾನ.
ಹಿಂದ ಹನ್ನೊಂದು ಮಂದಿ, ಅದರಾಗೊಬ್ಬ ಮುದುಕ.
ಹೊಟ್ಟಿ ದಪ್ಪ, ವಿದ್ಯಾ ತೆಳ್ಳಗ:
ನೀರಿನ ಮ್ಯಾಲ ಏಳು ಹೆಜ್ಜಿ ನಡೀಬಲ್ಲ,
ಎಂಟನೇದಕ್ಕ ಮುಳುಗ್ತಾನ.
ಮಹಾಸಭಾದಾಗ ಕಡೀ ಸಾಲಿನ ಕುರ್ಚಿ.
ಯಾರೋ ಏನೋ ಅಂತಾರ, ಇವ ಎದ್ದು ಏನೋ ಅಂತಾನ,
ಬೀಸಣಿಕಿ ಬಿಚ್ಚತದ.
ಅಷ್ಟ.
ಹನ್ನೊಂದು ಮಂದಿ ಎತ್ತ ಹೋದ್ರು, ಕ್ಯಾಮೆರಾ ನೋಡಂಗಿಲ್ಲ.

ಮಂಗಳವಾರದ ಸಂತಿಗೆ ಕೃಷ್ಣಾ ದಾಟಿ ಬರ್ತಿದ್ದ ಹಯ್ಯಾಳಪ್ಪ,
ಬಕ್ಕಪ್ಪನ ಗಡ್ಡಿಯವ, ಹರಗೋಲು ಹಾಕಾವ.
ಹದಿನೇಳು ಮನಿ. ಬಸುರಿ, ಹೆಣ, ರೇಷನ್ ಅಕ್ಕಿ,
ಮಳಿಗಾಲದ ಮಾಸ್ತರ, ಐದು ವರ್ಷಕ್ಕೊಮ್ಮೆ ಓಟಿನ ಪೆಟ್ಟಿಗಿ.
ಆ ಗಡ್ಡಿಯಾಗ ಹುಟ್ಟಾಕೂ ಅವನ ಹುಟ್ಟು ಬೇಕು,
ಸಾಯಾಕೂ.

ಶೋ ಮುಗದು ಮಂದಿ ಹೋದ ಮ್ಯಾಲೂ ಕುಂತೇ ಇದ್ದ.
‘ಸಾಬ್ರ, ಇವ ಸತ್ತ. ಇನ್ನ ದೋಣಿ ಯಾರು ಹಾಕ್ತಾರ?’
ನಾ ನಕ್ಕೆ.
‘ನಗಬ್ಯಾಡ್ರಿ. ದೋಣಿ ಈ ದಂಡ್ಯಾಗ ನಿಂತದ.
ಆ ದಂಡ್ಯಾಗ ಮಂದಿ ನಿಂತಿರಂಗಿಲ್ಲೇನು?’

ಅವತ್ತ ರಾತ್ರಿ ನಿದ್ದಿ ಹತ್ತಲಿಲ್ಲ. ಸೊಳ್ಳಿ ನೆಪ.
ಮುಂದಿನ ಮಂಗಳವಾರ ದೊರಿಗೆ ಮೊದಲ ಸಲ ಮಾತು ಬಂತು.
‘ನಾ ಗೆಲ್ಲಾಕ ಬಂದಿಲ್ಲ,’ ಅಂದ ನನ್ನ ಬಾಯಾಗ,
‘ನನ್ನ ನೀರಿನ ಸುಂಕ ಯಾರು ತಿಂತಾರ, ಕೇಳಾಕ ಬಂದೀನಿ.
ಗಡ್ಡಿ ಸಣ್ಣದು. ನಕಾಶದಾಗ ಅದರ ಮ್ಯಾಲ ನೊಣ ಕುಂತರ ಮುಗೀತು.
ಆದ್ರ ನೊಣ ಏಳತದ.’
ಶೆಡ್ಡಿನಾಗ ಸಿಳ್ಳಿ. ಹೀರೋ ಹಾರಿದಾಗೂ ಬೀಳದ ಸಿಳ್ಳಿ.
ಹಯ್ಯಾಳಪ್ಪ ಸಿಳ್ಳಿ ಹಾಕಲಿಲ್ಲ, ತುಂಡು ಬೀಡಿ ಆರಿಸಿದ.

ಆಮ್ಯಾಲ ಡ್ಯಾಮಿನ ಗೇಟು ಎತ್ತಿದರು.
ರೇಡಿಯೋದಾಗ ಕ್ಯೂಸೆಕ್ಸಿನ ಲೆಕ್ಕ; ಗಡ್ಡಿ ಹೆಸರಿಲ್ಲ.
ಮೂರು ಮಂಗಳವಾರ ಅವನ ಜಾಗಾದಾಗ ಬ್ಯಾರೆ ಯಾರೋ ಕುಂತರು.
ನಾಕನೇದಕ್ಕ, ಬೀಸಣಿಕಿ ಬಿಚ್ಚೋ ಹೊತ್ತಿಗೆ,
ನನ್ನ ಬಟ್ಟು ತಾನ ಗುಂಡಿ ಒತ್ತಿತು.
ದೊರಿ ನಿಂತ. ಅರ್ಧ ಎದ್ದ ಕೈ, ಕಿರೀಟ ವಾರಿ,
ನಡುವಿನ್ಯಾಗ ಒಂದು ಬಿಳಿ ಗೆರಿ ನಡಗತಾ.
ಮಂದಿ ಬೈದರು. ರೊಕ್ಕ ವಾಪಸ್ ಕೇಳಿದರು, ಕೊಟ್ಟೆ.
ಮಾಲಕ ಶರಭಣ್ಣ ಪಗಾರಿನಾಗ ಹಿಡದ.

ನೀರು ಇಳದ ಮ್ಯಾಲ ಬಂದ. ಅಂಗೈ ಸುಲದಿತ್ತು.
‘ಬಾಣಂತೀನ ದಾಟಿಸ್ದೆ,’ ಅಂದ. ‘ಮುದುಕೀನ ಆಗಲಿಲ್ಲ.’
ಭಾಳ ಹೊತ್ತಿಗೆ ಟಿ.ವಿ. ಕಡಿ ಗದ್ದ ಎತ್ತಿ:
‘ಇವಂದೇನಾತು?’
‘ಟೇಪು ಅಲ್ಲೇ ಸಿಕ್ಕೊಂಡದ,’ ಅಂದೆ.
‘ಛಲೋ ಆತು,’ ಅಂದ.

ಆ ಸುಳ್ಳು ಭಾಳ ದಿನ ಬೇಕಾಗಲಿಲ್ಲ.
ಅದೇ ಜಾಗಾದಾಗ ನಿಲ್ಲಿಸಿ ನಿಲ್ಲಿಸಿ ರೀಲು ಸವದು
ಈಗ ಅವ ಸಾಯೋ ಹೊತ್ತಿಗೆ ಬರೇ ಬಿಳಿ ಹುಡಿ ಉದರತದ,
ಆಚಿ ದಂಡಿ ಕಾಣದಂಥ ಮಂಜು.
ಅದರ ಮ್ಯಾಲ ನಾ ಹೆಜ್ಜಿ ಎಣಿಸ್ತೀನಿ, ಕಡೀ ಬೆಂಚಿಗೂ ಕೇಳಂಗ:
ಐದು. ಆರು. ಏಳು.
ಅಲ್ಲಿಗೆ ಹಯ್ಯಾಳಪ್ಪ ಕೆಮ್ಮತಾನ, ಪ್ರತಿ ಸಲ.
ನಾ ಮತ್ತ ಒಂದರಿಂದ ಸುರು ಮಾಡ್ತೀನಿ.