ಉಪ್ಪು ಹಾಕುವ ಹೊತ್ತು

ಮುಹರ್ರಕ್‌ನ ಮೀನು ಮಾರುಕಟ್ಟೆಯ ಹಿಂದೆ
ಹಣ ಕಳಿಸುವ ಅಂಗಡಿ. ಅದರ ಹೊರಗೋಡೆಗೆ ನಮ್ಮ ಯಂತ್ರ:
ಒಂದು ಪರದೆ, ನೋಟು ನುಂಗಲು ಒಂದು ಸೀಳು,
ಒಳಗೆ ನಾನು ಕಟ್ಟಿದ ಬ್ರೌಸರು.

ಕಟ್ಟಿದೆ ಅನ್ನುವುದು ಅರ್ಧ ಸುಳ್ಳು.
ಯಾರು ಯಾರೋ ಬರೆದ ಮೂವತ್ತು ಸಾವಿರ ಕಡತಗಳಲ್ಲಿ
ಬೇಡದ್ದನ್ನು ಬೇಡ ಅಂದವಳು, ಅಷ್ಟೆ.
ಕ್ಯಾಮೆರಾ, ಬೇಡ. ಮುದ್ರಣ, ಇರಲಿ.
ಕಾಗುಣಿತ ತಿದ್ದುವುದು, ಯಾರಿಗೆ ಬೇಕು.
ಓದಿ ಹೇಳುವ ದನಿ?
ಅಂದು ಗುರುವಾರ ಸಂಜೆ, ಹೊರಗೆ ಬಸ್ಸು ಹಾರ್ನ್ ಹಾಕುತ್ತಿತ್ತು.
ಬೇಡ ಅಂದೆ. ಹದಿನಾಲ್ಕು ಎಂಬಿ ಉಳಿಯಿತು.
ಮಿರ್ಝಾ ಸಮ್ಮಾಕ್ ಎಲ್ಲರಿಗೂ ಚಹಾ ತರಿಸಿದರು.

ಅವರಿಗೆ ಎಷ್ಟು ಸಲ ಹೇಳಿದ್ದೇನೆ,
ಆರಿಸಿಟ್ಟ ದೀಪ ಬೇರೆ,
ತಂತಿಯನ್ನೇ ಎಳೆಯದ ಗೋಡೆ ಬೇರೆ.
ತಲೆಯಾಡಿಸುತ್ತಾರೆ. ಮರುದಿನ ಮತ್ತೆ, ಅದರ ಸ್ವಿಚ್ ಎಲ್ಲಿ?
ನನ್ನ ಕೋಣೆಯ ನತಾಲಿಯಾ ಬಾಯಿ,
ಆಸ್ಪತ್ರೆಯ ಕ್ಯಾಂಟೀನಿನಲ್ಲಿ ದಿನಕ್ಕೆ ಇನ್ನೂರು ರೊಟ್ಟಿ ತಟ್ಟುವವಳು,
ಒಂದೇ ಸಲಕ್ಕೆ ಹಿಡಿದಳು:
ಕಲಸುವಾಗ ಮರೆತ ಉಪ್ಪನ್ನು
ಬೆಂದ ಮೇಲೆ ಉದುರಿಸಿದರೆ
ನಾಲಿಗೆಗೆ ಸಿಗುತ್ತದೆ ಮಾರಾಯ್ತಿ, ರೊಟ್ಟಿಗೆ ಸಿಗುವುದಿಲ್ಲ.

ಹೋದ ತಿಂಗಳು, ಸಂಬಳದ ಮಾರನೆಯ ದಿನ
ರಸೀದಿಯ ಸುರುಳಿ ಬದಲಿಸಲು ಹೋದೆ.
ಗಂಗರಾಜಂ, ಜಗಿತ್ಯಾಲದವನು, ಉಗುರಿನಲ್ಲಿ ಸಿಮೆಂಟು,
ಬಾವಿಗೆ ಬಗ್ಗಿದವನಂತೆ ಪರದೆಗೆ ಬಗ್ಗಿದ್ದ.
ಅಂಕಿ ಗೊತ್ತು. ಅಕ್ಷರ ಗೊತ್ತಿಲ್ಲ.
ಯಾವ ಅಂಕಿ ತನ್ನದು, ಯಾವುದು ಇವರು ಹಿಡಿದುಕೊಳ್ಳುವುದು?
ಹಿಂದಿನವನ ಕಡೆ ತಿರುಗಿ, ತಮ್ಮೀ, ಏನಂತೆ ಅಂದ.
ಅವನು ಹೇಳಿದ. ಸರಿಯಾಗಿಯೇ ಹೇಳಿದನೋ ಏನೋ.
ಆಮೇಲೆ ನನ್ನ ಕೊರಳಿನ ಪಟ್ಟಿ ನೋಡಿ,
ಅಕ್ಕಾ, ಇದಕ್ಕೆ ಬಾಯಿಲ್ಲವಾ?

ಇತ್ತು ಗಂಗರಾಜಂ. ಬರೆದವರು ಬಾಯಿ ಇಟ್ಟೇ ಬರೆದಿದ್ದರು.
ಮುಚ್ಚಿದ ಬಾಯಾಗಿದ್ದರೆ ಇಲ್ಲೇ ನಿಂತು ತೆರೆಸುತ್ತಿದ್ದೆ,
ಮೆನುವಿನಲ್ಲಿ ಒಂದು ಸಾಲು, ಬೆರಳ ಒಂದು ಒತ್ತು.
ಈಗ ಎಲ್ಲಿ ಒತ್ತಲಿ?
ಇದನ್ನೆಲ್ಲ ಹೇಳಲಿಲ್ಲ. ನೋಡ್ತೇನೆ ಅಂದೆ.

ರಾತ್ರಿ ಕಚೇರಿಯಲ್ಲಿ ಒಬ್ಬಳೇ.
ಪಟ್ಟಿಯಲ್ಲಿ ಸುಳ್ಳು ಎಂದಿದ್ದ ಒಂದನ್ನು ನಿಜ ಎಂದು ತಿದ್ದಿ
ಬುಡದಿಂದ ಮತ್ತೆ ಕಟ್ಟಲು ಹಚ್ಚಿದೆ.
ಐದೂವರೆ ಗಂಟೆಯ ಕೆಲಸ. ಒಂದು ಪದಕ್ಕೆ.
ಕಿಟಕಿಯಾಚೆ ಹಡಗು ಕಟ್ಟುವ ಅಂಗಳ,
ಟ್ಯೂಬ್‌ಲೈಟಿನ ಕೆಳಗೆ ಪಕ್ಕೆಲುಬು ಬಿಟ್ಟುಕೊಂಡು ಮಲಗಿದ ದೋಣಿ.
ಹಾಯಿಯನ್ನು ಗಾಳಿ ನೋಡಿ ಏರಿಸು, ಇಳಿಸು;
ಹಾಯಿಮರ ಊರುವ ಕುಳಿಯನ್ನು
ನೀರು ಕಾಣುವ ಮೊದಲೇ ಕೊರೆದಿರಬೇಕು.
ಹನ್ನೊಂದು ಸಾವಿರ. ಹತ್ತೊಂಬತ್ತು ಸಾವಿರ. ಎಣಿಕೆ ಏರುತ್ತಿತ್ತು.
ಬಾಂಗಿನ ಹೊತ್ತಿಗೆ ಒಂದು ಕಡತ ಮೊಂಡು ಹಿಡಿಯಿತು,
ಇನ್ನಾವುದೋ ಕಡತ ಬೇಕಂತೆ. ಕೊಟ್ಟೆ.

ಬೆಳಿಗ್ಗೆ ಮಿರ್ಝಾ: ಒಳಗಿರಲಿ, ಆದರೆ ಆರಿಸಿಡು.
ಬೇಕಾದವರು ಹಚ್ಚಿಕೊಳ್ಳಲಿ.
ನ್ಯಾಯದ ಮಾತು. ಸ್ವಿಚ್ಚಿನ ಹೆಸರನ್ನು
ಐದು ಭಾಷೆಗಳಲ್ಲಿ ಬರೆಸಿಯೂ ಇದ್ದರು,
ಓದಬಲ್ಲವರಿಗೆ.
ಹಚ್ಚಿಯೇ ಕಳಿಸಿದೆ.

ಮತ್ತೆ ಸಂಬಳ ಬಂತು. ನೋಡಲು ಹೋಗಿ
ಐಸ್ ಪೆಟ್ಟಿಗೆಗಳ ಪಕ್ಕ ನಿಂತೆ.
ಯಂತ್ರ ತೆಲುಗಿನಲ್ಲಿ, ತುಸು ಮೂಗಿನಿಂದ, ಗಟ್ಟಿಯಾಗಿ:
ಎಂಬತ್ತೈದು ದಿನಾರು. ಶುಲ್ಕ ಒಂದು ದಿನಾರು, ಇನ್ನೂರು ಫಿಲ್ಸು.
ಸಾಲಿನ ಹನ್ನೆರಡು ಮಂದಿಗೂ ಕೇಳಿತು.
ಯಾರೋ ಶಿಳ್ಳೆ ಹಾಕಿದರು.
ಹಾಗಾದರೆ ನನ್ನ ಇಪ್ಪತ್ತು? ಅಂದಿತು ಹಿಂದಿನ ಒಂದು ದನಿ.

ಗಂಗರಾಜಂ ತಿರುಗಲಿಲ್ಲ.
ದನಿ ಬರುವ ತೂತುಗಳ ಮೇಲೆ ಎಡ ಅಂಗೈ ಅಮರಿಸಿ
ಕಿವಿಯನ್ನು ಆ ಕೈಗೇ ಆನಿಸಿ
ಬಲಗೈಯಲ್ಲಿ ಒತ್ತಿದ,
ಇನ್ನೊಮ್ಮೆ.