ಆರೇ ಆರು ಚಿತ್ರ

ಆರು ಸಾಕು, ಎನ್ನುತ್ತಾಳೆ ಇಲ್ಗಿನ್,
ಅದಕ್ಕಿಂತ ಕೆಳಗೆ ಯಾರ ಬೆರಳೂ ಇಳಿಯುವುದಿಲ್ಲ.
ಮೇಲಿನ ಮಹಡಿಯ ಹುಡುಗಿ,
ನನಗೊಂದು ವೆಬ್‌ಸೈಟು ಕಟ್ಟಿಕೊಡುತ್ತಿದ್ದಾಳೆ
ಎರಡು ಬಾಟಲಿ ಆಲಿವ್ ಎಣ್ಣೆಯ ಕೂಲಿಗೆ.

ಮೇಜಿನ ಮೇಲೆ ಒಂಬತ್ತು ಬೂಟಿನ ಡಬ್ಬಿ.
ಇಪ್ಪತ್ತೆರಡು ವರ್ಷದ ಮಾತಿಲ್ಲದ ಹಾಳೆಗಳು:
ಕುಕ್ಕರಿನ ಮುಚ್ಚಳ ಯಾವ ಕಡೆ ತಿರುಗಬೇಕು,
ಕಪಾಟಿನ ಹಿಂಬದಿಗೆ ಎಷ್ಟು ಮೊಳೆ,
ಇಸ್ತ್ರಿಪೆಟ್ಟಿಗೆಗೆ ನೀರು ಎಲ್ಲಿಯವರೆಗೆ.
ಎಂಟು ಮಡಿಕೆ ಮಡಿಸಿ ಪೆಟ್ಟಿಗೆಯ ತಳಕ್ಕೆ ತುರುಕುತ್ತಾರಲ್ಲ,
ಥರ್ಮಾಕೋಲಿನ ಜೊತೆಗೇ ಕಸಕ್ಕೆ ಹೋಗುತ್ತದಲ್ಲ,
ಅದನ್ನು ಬರೆಯುವವಳು ನಾನು.

ಒಮ್ಮೆ ಕೊನಾಕಿನ ದೋಣಿಗಟ್ಟೆಯಲ್ಲಿ
ಸೂರ್ಯಕಾಂತಿ ಬೀಜ ಕಟ್ಟಿಕೊಟ್ಟ ಪೊಟ್ಟಣ
ಬಿಡಿಸಿ ನೋಡಿದರೆ ನನ್ನದೇ ಮೂರನೇ ಚಿತ್ರ,
ಬಾಣದ ತುದಿಗೆ ಉಪ್ಪು.
ಇದನ್ನು ಹಾಕಬಹುದೇ, ಎಂದೆ.
ಅವಳು ಅರ್ಧ ನಕ್ಕಳು, ಟೈಪು ಮಾಡಲಿಲ್ಲ.

'ಗಿರಾಕಿಗಳ ಮೆಚ್ಚುಗೆ' ಎಂದೊಂದು ಜಾಗ ಖಾಲಿ ಇದೆ.
ಏನು ಹೇಳಲಿ ಮಗಳೇ,
ನನ್ನ ಕಸುಬಿನಲ್ಲಿ ಮೆಚ್ಚುಗೆ ಎಂದರೆ
ಯಾರೂ ಫೋನು ಮಾಡದಿರುವುದು.

ಫೋನು ಬಂದದ್ದು ಒಂದೇ ಸಲ.
ಮಗುವಿನ ಮಂಚ, ನಾಲ್ಕನೇ ಚಿತ್ರ,
ಉದ್ದ ತಿರುಪಿನ ಜಾಗದಲ್ಲಿ ಗಿಡ್ಡದನ್ನು ತೋರಿಸಿದ್ದೆ.
ಹನ್ನೊಂದು ಸಾವಿರ ಪ್ರತಿ ಅಚ್ಚಾಗಿತ್ತು.
ದೆನಿಝ್ಲಿಯಿಂದ ಒಬ್ಬ, ರಾತ್ರಿ ಒಂದೂವರೆಗೆ,
ನಂಬರು ಎಲ್ಲಿಂದ ಹುಡುಕಿದನೋ,
ಬೈಯಲಿಲ್ಲ, "ಅಕ್ಕ, ವಾಲುತ್ತಿದೆ" ಎಂದ ಅಷ್ಟೇ.
ನೆಲದ ಮೇಲೆ ಕೂತು, ಫೋನು ಹೆಗಲಿಗೆ ಒತ್ತಿಕೊಂಡು
ಮೊದಲ ಸಲ ಬಾಯಲ್ಲಿ ಹೇಳಿದೆ ಒಂದು ತಿರುಪನ್ನು.
ಗಿಡ್ಡದನ್ನು ಬಿಚ್ಚಿ. ಇನ್ನೂ. ಈಗ ಉದ್ದದ್ದು. ಬಿಗಿ ಮಾಡಿ.
ಆಮೇಲೆ ಆ ಕಡೆ ಬಹಳ ಹೊತ್ತು ಮಾತಿಲ್ಲ.
"ಮಲಗಿಸಿದೆ" ಎಂದ.

ಅದನ್ನು ಹಾಕು, ತಪ್ಪಿದ್ದನ್ನೂ ತಿದ್ದಿದ್ದನ್ನೂ ಪಕ್ಕಪಕ್ಕ.
ತಪ್ಪನ್ನು ಯಾರಾದರೂ ಅಂಗಡಿ ಬಾಗಿಲಿಗೆ ತೂಗುಹಾಕುತ್ತಾರೆಯೇ?
ಇಲ್ಗಿನ್ ಹಣೆ ಚಚ್ಚಿಕೊಂಡಳು.
ಒಳ್ಳೆಯವು ಐದೇ ಇರಲಿ, ಇದು ಆರನೆಯದು, ಎಂದೆ.

ದೋಣಿಯ ಜೀವರಕ್ಷಕ ಅಂಗಿಯದೂ ಇರಲಿ.
ಕಂಪನಿಯವರು ಹೇಳಿದ್ದರು: ಹುಬ್ಬು ಬೇಡ,
ಹೆದರಿಕೆ ಹುಬ್ಬಿನಿಂದ ಒಳಗೆ ಬರುತ್ತದೆ.
ಹಾಗಾಗಿ ಆ ತಾಯಿಗೂ ಮಗುವಿಗೂ ಹುಬ್ಬಿಲ್ಲ;
ಮುಳುಗುವ ದೋಣಿಯಲ್ಲಿ ನಿಂತು
ಹಬ್ಬದ ಬಟ್ಟೆಯ ಅಳತೆ ನೋಡುವವರ ಹಾಗೆ
ಗಂಟು ಹಾಕಿಕೊಳ್ಳುತ್ತಾರೆ.

ಇನ್ನು 'ನನ್ನ ಬಗ್ಗೆ'. ಒಂದು ಫೋಟೋ ಬೇಕಂತೆ.
ನನ್ನ ಮುಖ ಯಾಕೆ? ಎಲ್ಲ ಹಾಳೆಯಲ್ಲೂ ಇರುವ ಕೈ ಸಾಬ್ರಿಯದು,
ನನ್ನ ಅಣ್ಣ, ಬಡಗಿ.
ಮುಚ್ಚಳ ಹಿಡಿದು, ತೋಳು ಜೋಮು ಹಿಡಿಯುವವರೆಗೆ ಕೂತಿರುತ್ತಿದ್ದ.
ಉಂಗುರ ಬೆರಳಿನ ತುದಿ ಗರಗಸಕ್ಕೆ ಹೋಗಿತ್ತು;
ಕಾಗದದಲ್ಲಿ ನಾನು ಪ್ರತಿ ಸಲ ಬೆಳೆಸಿಕೊಟ್ಟೆ.
"ನನ್ನ ಕೈ ನಲವತ್ತು ದೇಶ ಸುತ್ತಿದೆ,
ನಾನು ಮನಿಸಾ ದಾಟಿಲ್ಲ" ಎಂದು ಈಗಲೂ ಗೊಣಗುತ್ತಾನೆ.
ಕರೆದು ಪರದೆ ತೋರಿಸಿದೆವು. ಕನ್ನಡಕ ಏರಿಸಿಕೊಂಡು
ಎಣಿಸಿದ. "ಈ ಬೆರಳು ಯಾರದು?" ಎಂದ.
ಚಹಾ ಆರುವವರೆಗೆ ಅದನ್ನೇ ನೋಡುತ್ತಿದ್ದ.

ಹೆಸರಿನ ಜಾಗದಲ್ಲಿ ಗೆರೆಯೊಂದು ಮಿಟುಕುತ್ತಿದೆ.
ಒಂದು ಹಾಳೆಗೂ ಸಹಿ ಹಾಕಿದವಳಲ್ಲ, ಎಲೆಮರೆಯ ಕಾಯಿ ಎನ್ನಿ,
ನೆಸ್ರಿನ್ ಎಂದು ಒತ್ತಿದರೆ ಅಕ್ಷರ ಗೋಡೆಯಷ್ಟು.
ಚಿಕ್ಕದು ಮಾಡು. ಇನ್ನೂ. ಸಾಕು.
ದರ? ಕೇಳಿದವರಿಗೆ ಹೇಳುತ್ತೇನೆ.
ಫೋನ್ ನಂಬರು ಮಾತ್ರ ದೊಡ್ಡದಾಗಿ ಬರಲಿ,
ರಾತ್ರಿ ಒಂದೂವರೆಗೆ ಓದಲಾಗುವಷ್ಟು.

ಕೆಳಗೆ ಇಳಿಯಿರಿ ಎಂಬ ಗುರುತಿಗೆ
ಅವಳು ಎಲ್ಲಿಂದಲೋ ಒಂದು ಬಾಣ ತಂದು ಅಂಟಿಸಿದ್ದಾಳೆ:
ಬಾಲ ಕುಳ್ಳು, ತಲೆ ಭಾರ,
ಎತ್ತ ಹೋಗಬೇಕೆಂದು ಅದಕ್ಕೇ ಗೊತ್ತಿಲ್ಲ.
ಏಳು ಮಗಳೇ, ಆ ಪೆನ್ಸಿಲು ಕೊಡು.