ಏಳು ಮೆಟ್ಟಿಲು

ಕಾರವಾರದ ಕೋರ್ಟಿನ ಎದುರು ಅರ್ಜಿ ಬರೆದು ಬದುಕಿದವ ನಾನು.
ಕೊಂಕಣಿಯಲ್ಲಿ ಅತ್ತದ್ದನ್ನು ಕನ್ನಡದಲ್ಲಿ ಬೇಡುವುದು,
ಕನ್ನಡದಲ್ಲಿ ಬೈದದ್ದನ್ನು ಇಂಗ್ಲಿಷಿನಲ್ಲಿ ವಿನಂತಿಸುವುದು
ಮೂವತ್ತೊಂದು ವರ್ಷದ ಕಸುಬು.
ಯಾವ ಸಾಹೇಬರಿಗೆ ಎಷ್ಟು ಕಣ್ಣೀರು ಸಾಕು, ಎಷ್ಟು ಹೆಚ್ಚು
ನನ್ನ ಪೆನ್ನಿಗೇ ಗೊತ್ತು.

ಹಾಗಾಗಿ ದೂರದ ದೇಶದಿಂದ ಅವಳು ಬಂದಾಗ,
ಕ್ಯಾಮರಾ, ಬೆವರು, ಬಿಸಿಲಿಗೆ ಸುಲಿದ ಮೂಗು,
ಲಾಡ್ಜಿನವರು ನನ್ನನ್ನೇ ತೋರಿಸಿದರು.
ದಿನಕ್ಕೆ ಎರಡು ಸಾವಿರ, ಊಟ ಬೇರೆ.

ಕೋಡಿಬಾಗದ ಧಕ್ಕೆಯಲ್ಲಿ ಶೆವಂತಿ ತಾಂಡೇಲ
ಮೆಟ್ಟುಗತ್ತಿಗೆ ಕಾಲು ಕೊಟ್ಟು ಕೂತು
ಇಸೋಣ ಕೊಯ್ಯುತ್ತಿದ್ದಳು.
ಕಡಲು ಏರಿದೆಯೇ ಕೇಳು, ಅಂದಳು ಇವಳು.
ಕೇಳಿದೆ.

ಶೆವಂತಿ ಕೈ ನಿಲ್ಲಿಸಲಿಲ್ಲ.
"ನಾನು ಮದುವೆಯಾಗಿ ಬಂದಾಗ ಇಲ್ಲಿ ಏಳು ಮೆಟ್ಟಿಲು.
ಈಗ ಪೂರಾ ಸುಕ್ತಿಯಲ್ಲೂ ನಾಲ್ಕೇ ಕಾಣುವುದು.
ಕೆಳಗಿನ ಎರಡನ್ನು ಮರಳು ನುಂಗಿತು. ಆಚೆ ಗೋಡೆ ಕಟ್ಟಿದ ಮೇಲೆ
ಹೊಳೆಗೆ ಎಲ್ಲಿ ಮಲಗಬೇಕೆಂದೇ ತಿಳಿಯದೆ.
ಒಂದನ್ನು ನೀರು ತಗೊಂಡಿತು.
ಅದು ನಿಜ ಮಾರಾಯಾ, ಒಂದನ್ನು ನೀರೇ ತಗೊಂಡಿತು."

ಉದ್ದ ಮಾತು. ಕ್ಯಾಮರಾದ ಕೆಂಪು ದೀಪ ಮಿಣುಕುತ್ತಿತ್ತು.
ಅರ್ಜಿಯ ಭಾಷೆ ತಾನಾಗಿ ಬಾಯಿಗೆ ಬಂತು:
ಏಳಿದ್ದವು. ಮೂರು ಹೋದವು.

ಅವಳ ಕಣ್ಣು ತುಂಬಿತು. ನಿಜವಾಗಿ ತುಂಬಿತು.
ಕೆಟ್ಟವಳಲ್ಲ, ಲೋಕ ಎಚ್ಚರವಾಗಲಿ ಎಂದೇ ಬಂದವಳು.
ಆದರೆ ಎಚ್ಚರಿಸಲು ಹೊರಟವರ ಕೈಯಲ್ಲಿ ಗಂಟೆ,
ಮರಳು ತುಂಬಿದ ಗಂಟೆ ಸದ್ದು ಮಾಡುವುದಿಲ್ಲ.

ಮುಳುಗಿದ ಮೂರು ಮೆಟ್ಟಿಲು ದೇಶ ದೇಶ ತಿರುಗಿದವು.
ಯಾವುದೋ ಸಭೆಯಲ್ಲಿ, ಗೋಡೆಯಷ್ಟು ದೊಡ್ಡ ಪರದೆಯ ಮೇಲೆ
ಶೆವಂತಿಯ ಕೈ, ಮೀನಿನ ರಕ್ತ, ಕೆಳಗೊಂದು ಅಂಕಿ.
ಮೂಲೆಯಲ್ಲಿ ನನ್ನ ಚಪ್ಪಲಿಯೂ ಇತ್ತಂತೆ.

ಬಂದರಿನಲ್ಲಿ ನೀರಿನ ಮಟ್ಟ ಬರೆಯುವ ಉಲ್ಲಾಸ ಗುನಗಿ ಮಾತ್ರ
ರಾತ್ರಿ ಹತ್ತಕ್ಕೆ ಫೋನು ಮಾಡಿದ:
"ನನ್ನ ಪುಸ್ತಕದಿಂದ ತೆಗೆದ ಅಂಕಿ ಅದು.
ಪಕ್ಕದಲ್ಲೇ ಷರಾ ಇತ್ತಲ್ಲ, ಎಲ್ಲಿ ಹೋಯಿತು?"
ಷರಾ ಇದ್ದದ್ದು ಪುಟದ ಅಂಚಿನಲ್ಲಿ.
ಫೋಟೋದಲ್ಲಿ ಅಂಚು ಬಂದಿರಲಿಲ್ಲ.

ಮರುವರ್ಷ ಇನ್ನೊಬ್ಬ.
ಇಸ್ತ್ರಿ ಮುರಿಯದ ಅಂಗಿ, ಸಿದ್ಧ ನಗು, ದಿನಕ್ಕೆ ಐದು ಸಾವಿರ.
ಅವನ ಚೀಲದಲ್ಲಿ ಅವಳದೇ ವರದಿ,
ಸಾಲು ಸಾಲಿಗೂ ಕೆಂಪು ಗೆರೆ.
ಮರಳಿನ ವಿಷಯ ಕೇಳು, ಅಂದ.
ಶೆವಂತಿ ಅದನ್ನೇ ಹೇಳಿದಳು, ಒಂದಕ್ಷರ ಬಿಡದೆ:
ಎರಡು ಮರಳಿಗೆ, ಒಂದು ನೀರಿಗೆ.
ನಾನು 'ಎರಡು' ಅನ್ನುವಷ್ಟರಲ್ಲಿ ಅವನು ಕ್ಯಾಮರಾ ಆರಿಸಿದ.
'ಒಂದು' ನನ್ನ ಬಾಯಲ್ಲೇ ಉಳಿಯಿತು.
ಚಹಾದ ಜೊತೆ ಒಳಗೆ ಹೋಯಿತು.

ಕಡಲು ನಿರಪರಾಧಿ ಎಂದು ಅಲ್ಲಿ ಅಚ್ಚಾಯಿತು.
ಸುಳ್ಳು ಹಿಡಿದವನೆಂದು ಅವನಿಗೆ ಚಪ್ಪಾಳೆ,
ಕಲ್ಲಿದ್ದಲ ವ್ಯಾಪಾರಿಗಳ ಊಟದಲ್ಲಿ ಮುಂದಿನ ಕುರ್ಚಿ.
ನನಗೆ ಎರಡು ಕಡೆಯಿಂದಲೂ ಹಣ ಬಂದಿದೆ.
ಹೆಂಚು ಬದಲಿಸಿದ್ದೇನೆ.

ಮೊನ್ನೆ ಅಮಾವಾಸ್ಯೆಯ ಸುಕ್ತಿಗೆ ಒಬ್ಬನೇ ಹೋದೆ.
"ನಿನ್ನ ಸಾಹೇಬರು ಏನು ಬರೆದರು?" ಕೇಳಿದಳು.
ಹೇಳಿದೆ. ಮೊದಲ ಸಲ ಪೂರ್ತಿ, ಎರಡನ್ನೂ.
ನಕ್ಕಳು. "ಪೇಟೆಯಲ್ಲಿ ತಲೆ ಕೇಳುವವರಿದ್ದಾರೆ, ನಡು ಕೇಳುವವರಿದ್ದಾರೆ,
ಮುಳ್ಳು ಯಾರಿಗೆ ಬೇಕು? ಬೆಕ್ಕಿಗೆ."
ಆಮೇಲೆ ನಗಲಿಲ್ಲ.
"ಅವರಿಗಾದರೆ ನಮ್ಮ ಮಾತು ಬರುತ್ತಿರಲಿಲ್ಲ. ನಿನಗೆ?"

ಮೆತ್ತಗೆ ಚಪ್ಪಲಿ ಕಳಚಿದೆ.
ಪ್ಯಾಂಟು ಮಡಚಿ ಇಳಿದೆ, ಒಂದು, ಎರಡು, ಮೂರು, ನಾಲ್ಕು.
ಐದನೆಯದು ಕಣ್ಣಿಗೆ ಕಾಣಲಿಲ್ಲ, ಕಾಲಿಗೆ ಸಿಕ್ಕಿತು:
ಪಾಚಿ, ತಣ್ಣಗೆ, ಗಟ್ಟಿ ಕಲ್ಲು.
ಅದರಾಚೆ ಬರೀ ಮರಳು, ಬೆರಳು ಹೂತುಹೋಗುವಂಥದ್ದು.

"ಎಷ್ಟಿದೆ ನೀರು?" ಮೇಲಿನಿಂದ ಕೂಗಿದಳು.

ನಮ್ಮ ಮಾತಿನಲ್ಲೇ ಹೇಳಿದೆ:
ಪಾದ ಮುಚ್ಚುವಷ್ಟು.